40ರ ಪುಟ್ಟಿ, 30ರ ಕಂದ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಭಾನುವಾರ ಬೆಳಿಗ್ಗೆ ಈ ಮೆಸೇಜ್ ಬಂತು: 'ಮೂರು ತಿಂಗಳಿಂದ ಮೇಂಟೆನೆನ್ಸ್ ಕಟ್ಟದ ಮನೆಗಳ ನಂಬರನ್ನು ನಾಳೆ ನೋಟಿಸ್ ಬೋರ್ಡಿಗೆ ಹಾಕಲಾಗುವುದು. ನೀರಿನ ಟ್ಯಾಂಕರ್ ಬಾಕಿಯೂ ಅದರಲ್ಲಿ ಸೇರಿದೆ. ಯಾರಿಗೂ ವಿನಾಯಿತಿ ಇಲ್ಲ.' ಕಳಿಸಿದವರ ಹೆಸರು ಪುಟ್ಟಿ. ಹೆಸರಿನ ಪಕ್ಕ ಒಂದು ಗುಲಾಬಿ ಬಣ್ಣದ ಹೃದಯ, ಒಂದು ಚಿಟ್ಟೆ.

ನಾವು ಸೇವ್ ಮಾಡಿಕೊಂಡಿರದ ನಂಬರಿನಿಂದ ಗ್ರೂಪಿಗೆ ಮೆಸೇಜ್ ಬಂದರೆ, ಅವರ ಪ್ರೊಫೈಲಿನಲ್ಲಿ ಏನು ಹೆಸರಿದೆಯೋ ಅದನ್ನೇ ವಾಟ್ಸಾಪ್ ತೋರಿಸುತ್ತದೆ. ಹಾಗಾಗಿ ಅವತ್ತು ಇಡೀ ಕಟ್ಟಡಕ್ಕೆ ಬೆದರಿಕೆ ಹಾಕಿದ್ದು ಚಿಟ್ಟೆಯ ಪಕ್ಕ ನಿಂತ ಪುಟ್ಟಿ. ವಿಚಾರಿಸಿದರೆ, ಅವರು ನಮ್ಮ ಅಸೋಸಿಯೇಷನ್ನಿನ ಹೊಸ ಟ್ರೆಷರರ್. ವಯಸ್ಸು 44. ಹಗಲೆಲ್ಲ ಕಂಪನಿಗಳ ಲೆಕ್ಕಪತ್ರ ಜಾಲಾಡುವ ಆಡಿಟರ್.

ನಾವೆಲ್ಲ ನಕ್ಕೆವು. ಬಾಕಿ ಇಟ್ಟವರು ಸ್ವಲ್ಪ ಜಾಸ್ತಿಯೇ ನಕ್ಕರು.

ಇಂಥ ಹೆಸರು, ಇಂಥ ಸಾಲು ನಿಮಗೂ ಸಿಕ್ಕಿರುತ್ತವೆ. ಇನ್‌ಸ್ಟಾಗ್ರಾಮ್ ತೆರೆದು ಹತ್ತು ಜನರ ಬಯೋ ಓದಿ. 29ರ ಇಂಜಿನಿಯರ್ 'ಡ್ಯಾಡೀಸ್ ಲಿಟಲ್ ಪ್ರಿನ್ಸೆಸ್' ಆಗಿರುತ್ತಾಳೆ. ಜಿಮ್ಮಿನ ಕನ್ನಡಿ ಮುಂದೆ ತೋಳು ಉಬ್ಬಿಸಿ ನಿಂತವನು 'ಅಮ್ಮನ ಮುದ್ದಿನ ಕಂದ'. ಇನ್ನೊಬ್ಬ 'ಮಗುವಿನ ಮನಸ್ಸು, ಸಿಂಹದ ಕೋಪ'. ಮತ್ತೊಬ್ಬಳು 'ಚಾಕೊಲೇಟ್ ಕೊಟ್ಟರೆ ಫ್ರೆಂಡ್ ಆಗ್ತೀನಿ'. ಹುಟ್ಟಿದ ದಿನವನ್ನು ಹುಟ್ಟಿದ ದಿನ ಅಂತ ಬರೆಯುವುದು ಹಳೇ ಕಾಲ. ಈಗ ಅದು 'ಫಸ್ಟ್ ಕ್ರೈ', ಮೊದಲ ಅಳು. ಫೇಸ್‌ಬುಕ್ಕಿನಲ್ಲಿ ಒಂದು ಕಾಲಕ್ಕೆ 'ಏಂಜೆಲ್ ಪ್ರಿಯಾ' ಎಂಬ ಹೆಸರು ಎಷ್ಟು ಹೆಚ್ಚಾಯಿತೆಂದರೆ, ನಕಲಿ ಖಾತೆಗೆ ಅದೇ ಅಡ್ಡಹೆಸರಾಯಿತು.

ನಾನೇನೂ ಬೇರೆ ಅಲ್ಲ. 2007ರಲ್ಲಿ ನನ್ನ ಆರ್ಕುಟ್ ಪುಟದಲ್ಲಿ 'ದೊಡ್ಡ ಊರಿಗೆ ಬಂದ ಪುಟ್ಟ ಮಗು' ಅಂತ ಬರೆದುಕೊಂಡಿದ್ದೆ. ಆಗ ನನಗೆ 26. ಆ ಮಗು ಪ್ರತಿ ತಿಂಗಳು ಮನೆ ಬಾಡಿಗೆ ಕಟ್ಟುತ್ತಿತ್ತು, ಬೈಕಿನ ಸಾಲ ತೀರಿಸುತ್ತಿತ್ತು. 2014ರಲ್ಲಿ ಗೂಗಲ್ ಆರ್ಕುಟ್ ಮುಚ್ಚಿದಾಗ ಎಲ್ಲರೂ ಬೇಜಾರು ಮಾಡಿಕೊಂಡರು, ನನಗೆ ಒಳಗೊಳಗೇ ಸಮಾಧಾನವಾಯಿತು.

'ಇವರೆಲ್ಲ ಇನ್ನೂ ಬೆಳೆದಿಲ್ಲ' ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಒಂದು ತೊಡಕಿದೆ. ನಿಜವಾದ ಮಗು ಯಾವತ್ತೂ ಹೀಗೆ ಬರೆದುಕೊಳ್ಳುವುದಿಲ್ಲ.

ನನ್ನ ಅಕ್ಕನ ಮಗನಿಗೆ ನಾಲ್ಕೂವರೆ. 'ಪುಟ್ಟ, ಬಾರೋ' ಅಂದರೆ ಮುಖ ಊದಿಸುತ್ತಾನೆ. 'ನಾನು ಪುಟ್ಟ ಅಲ್ಲ, ನಾನು ದೊಡ್ಡೋನು' ಅಂತ ತುದಿಗಾಲಲ್ಲಿ ನಿಂತು ಗೋಡೆಯ ಮೇಲೆ ತನ್ನ ಎತ್ತರ ತೋರಿಸುತ್ತಾನೆ. ಶೂ ಲೇಸು ತಾನೇ ಕಟ್ಟಬೇಕು. ಲಿಫ್ಟಿನ ಬಟನ್ ತಾನೇ ಒತ್ತಬೇಕು. ಅವನ ಕೈಗೆ ಬಯೋ ಬರೆಯಲು ಕೊಟ್ಟರೆ 'ಬಸ್ ಡ್ರೈವರ್' ಅಂತ ಬರೆಸುತ್ತಾನೆ. ತಾನು ಚಿಕ್ಕವನು ಎಂದು ಹೇಳಿಕೊಳ್ಳುವ ಆಸೆ ಬರುವುದು ದೊಡ್ಡವರಾದ ಮೇಲೇ.

ಮಕ್ಕಳ ಭಾಷೆಯ ಕಥೆಯೂ ಹೀಗೇ. ಮಮ್ಮು, ತಾಚಿ, ಜೋಜೋ, ಟಾಟಾ. ಇವನ್ನು ಮಕ್ಕಳು ಹುಟ್ಟಿಸಿದ್ದಲ್ಲ. ದೊಡ್ಡವರು ಹೇಳಿಕೊಟ್ಟಿದ್ದು, ಅವರಿಗೆ ಅವರ ಅಜ್ಜಿ ಹೇಳಿಕೊಟ್ಟಿದ್ದು. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 1964ರಲ್ಲಿ ಆರು ಭಾಷೆಗಳ ಮಗುಮಾತನ್ನು ಹೋಲಿಸಿ ನೋಡಿದರು. ನಮ್ಮ ನೆರೆಯ ಮರಾಠಿಯೂ ಆ ಆರರಲ್ಲಿ ಒಂದು. ಮಗುಮಾತು ಒಂದೊಂದು ಸಮಾಜದಲ್ಲೂ ರೂಢಿಯಾಗಿ ದಾಟಿಕೊಂಡು ಬರುತ್ತದೆ ಎಂದರು. ಇನ್ನೊಂದು ವಿಷಯವನ್ನೂ ಗಮನಿಸಿದರು. ಇದೇ ಮಾತನ್ನು ದೊಡ್ಡವರು ಸಾಕುಪ್ರಾಣಿಗಳ ಜೊತೆಯೂ, ಪ್ರೀತಿಸುವವರ ಜೊತೆಯೂ ಆಡುತ್ತಾರೆ. ಹೊಸದಾಗಿ ಮದುವೆಯಾದವರ ಫೋನ್ ಮಾತು ಬಸ್ಸಿನಲ್ಲಿ ಕಿವಿಗೆ ಬಿದ್ದಿದ್ದರೆ ನಿಮಗಿದು ಗೊತ್ತು. 'ಬೇಜಾರು' ಹೋಗಿ 'ಬೇಜಾಲು' ಆಗಿರುತ್ತದೆ. ಅದಕ್ಕೆ ಕನ್ನಡದಲ್ಲಿ ಎಷ್ಟು ಒಳ್ಳೆಯ ಪದವಿದೆ ನೋಡಿ, ಲಲ್ಲೆಗರೆಯುವುದು. ಕರಾವಳಿಯವರು ಕೊಂಡಾಟ ಅನ್ನುತ್ತಾರೆ.

ಲಲ್ಲೆಗೆ ಇಬ್ಬರು ಬೇಕು. ಒಬ್ಬರು ಕರೆಯಬೇಕು, ಒಬ್ಬರು ಕರೆಸಿಕೊಳ್ಳಬೇಕು. 'ಅವಳನ್ನು ಮುದ್ದು ಮಾಡಿದೆ' ಅನ್ನಬಹುದು. 'ನನ್ನನ್ನು ನಾನೇ ಮುದ್ದು ಮಾಡಿಕೊಂಡೆ' ಅಂತ ಒಂದು ಸಲ ಜೋರಾಗಿ ಹೇಳಿ ನೋಡಿ, ನಾಲಿಗೆ ತಡವರಿಸುತ್ತದೆ. ಬಯೋದಲ್ಲಿ ನಮಗೆ ಇರುಸುಮುರುಸು ಆಗುವುದು ಈ ಕಾರಣಕ್ಕೇ ಅಂತ ನನ್ನ ಅನಿಸಿಕೆ. ಅಲ್ಲಿ ಇನ್ನೊಬ್ಬರು ಕಾಣುವುದಿಲ್ಲ. ಕರೆಯುವವರೂ ಅವರೇ, ಓಗೊಡುವವರೂ ಅವರೇ.

ಇನ್ನೊಬ್ಬರು ಇದ್ದಾಗ ಏನಾಗುತ್ತದೆ ನೋಡಿ. ನಮ್ಮ ನಾಡಿನಲ್ಲಿ ಪುಟ್ಟಸ್ವಾಮಿ, ಪುಟ್ಟಮ್ಮ, ಚಿಕ್ಕಣ್ಣ, ಮರಿಗೌಡ, ಮರಿಯಪ್ಪ ಎಷ್ಟು ಜನ ಇಲ್ಲ? ಗದಗಿನ ಪುಟ್ಟರಾಜ ಗವಾಯಿಗಳು 96 ವರ್ಷ ಬಾಳಿದರು. ಕಡೆಯವರೆಗೂ ಪುಟ್ಟರಾಜರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 80 ದಾಟಿದ ಮೇಲೆ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಕೂತು, ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದ್ದು ಅದೇ ಪ್ರಕರಣದಲ್ಲಿ. ಇವತ್ತು ದೇಶದ ಯಾವ ಕಾನೂನು ಕಾಲೇಜಿಗೆ ಹೋದರೂ ಅದು 'ಪುಟ್ಟಸ್ವಾಮಿ ತೀರ್ಪು'. ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡಾಗ ಅವರಿಗೆ 46. ಇಡೀ ರಾಜ್ಯ ಅತ್ತದ್ದು 'ಅಪ್ಪು' ಅಂತಲೇ. ಮನೆಯವರು ಮಗುವಿಗೆ ಇಟ್ಟ ಹೆಸರು ಅದು. ಯಾರಿಗೂ ಎಳಸು ಅನಿಸಲಿಲ್ಲ. ಕರೆದವರು ನಾವು.

ಹಾಗಾದರೆ ಬಯೋದಲ್ಲಿ ಜನ ತಮ್ಮನ್ನು ತಾವೇ ಯಾಕೆ ಕರೆದುಕೊಳ್ಳುತ್ತಾರೆ?

ಮೊದಲ ತಪ್ಪು ಆ ಖಾಲಿ ಡಬ್ಬಿಯದು. ಇನ್‌ಸ್ಟಾಗ್ರಾಮಿನಲ್ಲಿ ಬಯೋಗೆ 150 ಅಕ್ಷರ. (ಕಂಪ್ಯೂಟರಿನ ಲೆಕ್ಕವೇ ಬೇರೆ. 'ಪುಟ್ಟಿ' ನಮಗೆ ಎರಡಕ್ಷರ, ಅದಕ್ಕೆ ಆರು.) ಅಷ್ಟರಲ್ಲಿ ನೀನು ಯಾರು ಹೇಳು ಅನ್ನುತ್ತದೆ ಆ ಡಬ್ಬಿ. ಯಾರಿಗೆ ಹೇಳಬೇಕು ಅಂತ ಹೇಳುವುದಿಲ್ಲ. ಹಿಂದೆ ನಾವು ನಮ್ಮ ಬಗ್ಗೆ ಬರೆಯುತ್ತಿದ್ದದ್ದು ಕಾಗದದ ಕೊನೆಯಲ್ಲಿ. ಅಪ್ಪನಿಗೆ ಬರೆದರೆ 'ಇಂತಿ ನಿಮ್ಮ ಪ್ರೀತಿಯ ಮಗಳು'. ಹೆಡ್‌ಮಾಸ್ಟರಿಗೆ ರಜಾ ಅರ್ಜಿ ಬರೆದರೆ 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ'. ಓದುವವರು ಯಾರು ಅಂತ ಗೊತ್ತಿತ್ತು, ಆದ್ದರಿಂದ ತಾನು ಯಾರು ಅಂತಲೂ ಗೊತ್ತಿತ್ತು. ಅಪ್ಪನ ಕಾಗದ ತಪ್ಪಿ ಹೆಡ್‌ಮಾಸ್ಟರ್ ಕೈಗೆ ಹೋದರೆ ಆಗುವ ಮುಜುಗರ ಈಗ ದಿನಾ ಆಗುತ್ತಿದೆ, ಅಷ್ಟೇ. ಒಂದೇ ಸಾಲನ್ನು ಅಪ್ಪ, ಬಾಸು, ಬೀಗರು, ಹಳೇ ಕ್ಲಾಸ್‌ಮೇಟು, ಬ್ಯಾಂಕಿನವರು ಎಲ್ಲರೂ ಓದುತ್ತಾರೆ. ಆಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ ಎಂಬ ಅಮೆರಿಕದ ಸಂಶೋಧಕಿಯರು 2010ರ ಹೊತ್ತಿಗೇ ಟ್ವಿಟ್ಟರ್ ಬಳಸುವವರನ್ನು ಮಾತಾಡಿಸಿ ಈ ಗೋಜಲನ್ನು ವಿವರಿಸಿದ್ದರು.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1950ರ ದಶಕದಲ್ಲಿ ಹೇಳಿದ್ದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಪ್ರತಿಯೊಬ್ಬರ ಬದುಕಿಗೂ ಒಂದು ರಂಗ, ಒಂದು ರಂಗದ ಹಿಂಬದಿ ಇರುತ್ತದೆ ಎಂದರು ಅವರು. ನಮಗೆ ಯಕ್ಷಗಾನ ಸಾಕು. ಚೌಕಿಯಲ್ಲಿ ಅರ್ಧ ಬಣ್ಣ ಹಚ್ಚಿಕೊಂಡ ರಾಕ್ಷಸ ವೇಷದವರು ಚಹಾ ಕುಡಿಯುತ್ತಾ ಮಗಳ ಫೋನಿಗೆ 'ಊಟ ಮಾಡಿದ್ಯಾ ಪುಟ್ಟಿ' ಅನ್ನಬಹುದು. ರಂಗಸ್ಥಳಕ್ಕೆ ಬಂದರೆ ಅಬ್ಬರವೇ. ಚೌಕಿಗೂ ರಂಗಸ್ಥಳಕ್ಕೂ ನಡುವೆ ಒಂದು ಪರದೆ ಇದ್ದರೇನೇ ಎರಡೂ ಸರಿಯಾಗಿ ನಡೆಯುವುದು. ಫೋನಿನಲ್ಲಿ ಆ ಪರದೆ ಇಲ್ಲ. ಮನೆಯೊಳಗಿನ 'ಪುಟ್ಟಿ' ನೇರ ನೋಟಿಸ್ ಬೋರ್ಡಿಗೆ ಬರುತ್ತಾಳೆ.

ಇನ್ನೊಂದು ಕಾರಣ ನಮ್ಮ ಕಣ್ಣಿನೊಳಗೇ ಇದೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿ ಮುಂದೆ 1973ರ ನೊಬೆಲ್ ಹಂಚಿಕೊಂಡ ಕೊನ್ರಾಡ್ ಲೊರೆಂಜ್ 1943ರಲ್ಲಿ ಒಂದು ಪಟ್ಟಿ ಕೊಟ್ಟರು: ಮೈಗಿಂತ ದೊಡ್ಡದೆನಿಸುವ ತಲೆ, ಅಗಲ ಹಣೆ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆ. ಇವನ್ನು ಕಂಡರೆ ಎತ್ತಿಕೊಳ್ಳಬೇಕು, ಕಾಪಾಡಬೇಕು ಅನಿಸುತ್ತದೆ. ಅದು ಮಗುವೇ ಆಗಿರಬೇಕಿಲ್ಲ, ನಾಯಿಮರಿ ಆದರೂ ಸರಿ, ಗೊಂಬೆ ಆದರೂ ಸರಿ. ಫೋನಿನ ಫಿಲ್ಟರ್ ಕಣ್ಣು ಹಿಗ್ಗಿಸಿ, ಗದ್ದ ಕುಗ್ಗಿಸಿ, ನಾಯಿ ಕಿವಿ ಅಂಟಿಸಿ ಕೊಡುವುದು ಹೆಚ್ಚುಕಡಿಮೆ ಇದೇ ಪಟ್ಟಿಯನ್ನು. ಫೋಟೋಗೆ ಫಿಲ್ಟರ್ ಏನು ಮಾಡುತ್ತದೋ ಹೆಸರಿಗೆ 'ಪುಟ್ಟಿ' ಅದನ್ನೇ ಮಾಡುತ್ತದೆ. ನನ್ನನ್ನು ಹೊಡೆಯಬೇಡಿ, ಎತ್ತಿಕೊಳ್ಳಿ.

ಈ ವಿಷಯದಲ್ಲಿ ಜಪಾನಿನಷ್ಟು ದೂರ ಹೋದವರು ಇಲ್ಲ. ಅಲ್ಲಿನ ಕಥೆ ಸ್ವಲ್ಪ ನಿಧಾನಕ್ಕೆ ಹೇಳಬೇಕು.

1970ರ ದಶಕದಲ್ಲಿ ಜಪಾನಿನ ಹೈಸ್ಕೂಲ್ ಹುಡುಗಿಯರ ಕೈಬರಹ ಬದಲಾಯಿತು. ಮೇಲಿನಿಂದ ಕೆಳಕ್ಕೆ, ದಪ್ಪ ತೆಳು ಗೀಟುಗಳಲ್ಲಿ ಬರೆಯುವ ಸಂಪ್ರದಾಯ ಅವರದು. ಈ ಹುಡುಗಿಯರು ಅಡ್ಡಸಾಲಿನಲ್ಲಿ, ಎಲ್ಲವನ್ನೂ ಗುಂಡುಗುಂಡಾಗಿ ಬರೆಯತೊಡಗಿದರು. ನಡುನಡುವೆ ಹೃದಯ, ನಕ್ಷತ್ರ, ನಗುವ ಮುಖ. ಅದನ್ನು ದುಂಡು ಬರಹ ಅಂತಲೂ, ಬೆಕ್ಕಿನಮರಿ ಬರಹ ಅಂತಲೂ ಕರೆದರು. ಮೇಷ್ಟರುಗಳಿಗೆ ಓದಲು ಬಾರದು. ಕೆಲವು ಶಾಲೆಗಳು ಅದನ್ನು ನಿಷೇಧಿಸಿಯೇಬಿಟ್ಟವು. ಯಾವ ಕಂಪನಿಯೂ ಹೇಳಿಕೊಟ್ಟಿರಲಿಲ್ಲ, ಯಾವ ಪತ್ರಿಕೆಯೂ ಪ್ರಚಾರ ಮಾಡಿರಲಿಲ್ಲ. ಹುಡುಗಿಯರೇ ನೋಡಿ ನೋಡಿ ಕಲಿತು ಹಬ್ಬಿಸಿದ್ದು.

ಈ ಬಗ್ಗೆ 1995ರಲ್ಲಿ ಬರೆದ ಸಂಶೋಧಕಿ ಷರಾನ್ ಕಿನ್ಸೆಲ್ಲಾ ಅದನ್ನು ಬರೀ ಹುಡುಗಾಟ ಅಂತ ನೋಡಲಿಲ್ಲ. ಜಪಾನಿನಲ್ಲಿ ದೊಡ್ಡವರಾಗುವುದು ಅಂದರೆ ಸ್ವಾತಂತ್ರ್ಯ ಸಿಗುವುದಲ್ಲ, ಇದ್ದದ್ದು ಹೋಗುವುದು. ಆಫೀಸು, ಮನೆ, ಅತ್ತೆ ಮಾವ, ಕರ್ತವ್ಯ. ಅದರಲ್ಲೂ ಹೆಂಗಸರಿಗೆ. ಹಾಗಿರುವಾಗ ಮಗುವಾಗಿ ಉಳಿಯುತ್ತೇನೆ ಅನ್ನುವುದು, ಜಗಳ ಮಾಡದೆ 'ಆಗಲ್ಲ' ಅನ್ನುವ ದಾರಿ. ವ್ಯಾಪಾರದವರು ಇದನ್ನು ಬೇಗ ಹಿಡಿದರು. ಸ್ಯಾನ್ರಿಯೋ ಕಂಪನಿಯ ಹಲೋ ಕಿಟ್ಟಿ ಹುಟ್ಟಿದ್ದು 1974ರಲ್ಲಿ. ಅದಕ್ಕೆ ಬಾಯಿಯೇ ಇಲ್ಲ. ಮುದ್ದಾಗಿರಬೇಕಾದರೆ ಮಾತಾಡಬಾರದು ಅಂತ ಯಾರಾದರೂ ಅರ್ಥ ಮಾಡಿಕೊಂಡರೆ ತಪ್ಪಿಲ್ಲ.

ಆಮೇಲೆ ಜಪಾನೀಯರಿಗೇ ಅನುಮಾನ ಬಂತು. 1980ರ ಸುಮಾರಿಗೆ ಮಾತ್ಸುದಾ ಸೇಕೋ ಎಂಬ ಗಾಯಕಿ ಮಗುವಿನ ಹಾಗೆ ನಡೆದು, ಮಗುವಿನ ಹಾಗೆ ಕಣ್ಣೀರಿಟ್ಟು ಮನೆಮಾತಾದಾಗ ಒಂದು ಹೊಸ ಪದ ಓಡಾಡತೊಡಗಿತು, 'ಬುರಿಕ್ಕೋ'. ಮಗುವಿನಂತೆ ನಟಿಸುವವಳು ಅಂತ ಅರ್ಥ. ಮುದ್ದಾಗಿರುವುದು ಬೇರೆ, ಮುದ್ದಾಗಿ ಆಡುವುದು ಬೇರೆ ಅಂತ ಗೀಟು ಎಳೆಯಲು ಅವರಿಗೊಂದು ಪದ ಬೇಕಾಯಿತು. ನಮ್ಮ ಅಜ್ಜಿಯರಿಗೆ ಆ ಕಷ್ಟ ಇರಲಿಲ್ಲ. 'ಎಳಸಾಗಿ ಆಡಬೇಡ' ಅಂದರೆ ಮುಗಿಯಿತು.

ಜಪಾನಿನ ಲೆಕ್ಕವನ್ನು ಹಾಗೇ ಎತ್ತಿ ನಮ್ಮ ಮೇಲೆ ಇಡಲಾಗದು. ನಮ್ಮಲ್ಲಿ ವಿಷಯ ಸ್ವಲ್ಪ ಬೇರೆ. ಮದುವೆ ಆಗುವವರೆಗೂ ನಮ್ಮ ಸಮಾಜವೇ ಯಾರನ್ನೂ ದೊಡ್ಡವರು ಅಂತ ಒಪ್ಪುವುದಿಲ್ಲ. 38 ತುಂಬಿ, ತಲೆಯಲ್ಲಿ ನಾಲ್ಕು ಬಿಳಿಕೂದಲು ಬಂದು, ಇಬ್ಬರಿಗೆ ಕೆಲಸ ಕೊಟ್ಟಿರುವವನ ಜಾತಕ ಬಂದರೂ ಕೇಳುವುದು 'ಹುಡುಗ ಏನ್ಮಾಡ್ತಾನೆ?' ಅಂತಲೇ. ಅವನು ಬಯೋದಲ್ಲಿ 'ಅಮ್ಮನ ಕಂದ' ಅಂತ ಬರೆದರೆ ಸುಳ್ಳು ಹೇಳಿದ ಹಾಗಾಗಲಿಲ್ಲ. ಮನೆಯಲ್ಲಿ ಅವನ ಸ್ಥಾನ ಅದೇ.

ಹುಡುಗಿಯರ 'ಅಪ್ಪನ ಪ್ರಿನ್ಸೆಸ್' ಬಗ್ಗೆ ನಗುವ ಮೊದಲು ಅವರ ಇನ್‌ಬಾಕ್ಸ್ ನೋಡಬೇಕು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಳು ಬಯೋದಲ್ಲಿ ತನ್ನ ಹುದ್ದೆ, ಓದು, ಟ್ರೆಕ್ಕಿಂಗ್ ಹವ್ಯಾಸ ಬರೆದಿದ್ದಳು. ಬರುತ್ತಿದ್ದ ಮೆಸೇಜುಗಳಲ್ಲಿ ಅರ್ಧ 'ಒಬ್ಬರೇ ಹೋಗ್ತೀರಾ?' ಇನ್ನರ್ಧ 'ತುಂಬಾ ಆಟಿಟ್ಯೂಡ್ ಇದೆ ನಿಮಗೆ'. ಅದನ್ನು ತೆಗೆದು 'ಅಪ್ಪನ ಮುದ್ದಿನ ಮಗಳು' ಹಾಕಿದಳು. ಕಾಟ ನಿಲ್ಲಲಿಲ್ಲ, ಕಡಿಮೆಯಾಯಿತು. 'ಅದು ನಾಯಿ ಇದೆ ಎಚ್ಚರಿಕೆ ಅಂತ ಬೋರ್ಡ್ ಹಾಕ್ತಾರಲ್ಲ, ಹಂಗೇ' ಅಂದಳು. ಹಿಂದೆ ಒಬ್ಬ ಅಪ್ಪ ನಿಂತಿದ್ದಾನೆ, ಒಂದು ಮನೆ ಇದೆ ಅಂತ ಬೇಲಿ ಕಟ್ಟುವುದು ಅದು. ಸಾಧನೆ ಹೇಳಿಕೊಂಡರೆ ಅಹಂಕಾರ, ಮಗಳು ಅಂದರೆ ಸಂಸ್ಕಾರ. ಅಲ್ಲಿ ಎಳಸಾಗಿರುವುದು ಬರೆದವಳೋ ಓದುವವರೋ?

ಗಂಡಸರ ಬಯೋ ಬಗ್ಗೆ ನನಗೆ ಇಷ್ಟು ಕರುಣೆ ಇಲ್ಲ. 'ಮಗುವಿನ ಮನಸ್ಸು, ಸಿಂಹದ ಕೋಪ' ಮತ್ತೆ ಓದಿ. ಬೈದರೆ ಸಿಂಹ, ಬೈದದ್ದಕ್ಕೆ ಲೆಕ್ಕ ಕೇಳಿದರೆ ಮಗು. ಎರಡರ ಅನುಕೂಲವೂ ಬೇಕು. ಪ್ರಿನ್ಸೆಸ್ ಸಾಲು ಬೇಲಿಯಾದರೆ ಇದು ಮೊದಲೇ ತೆಗೆದಿಟ್ಟುಕೊಂಡ ಜಾಮೀನು. ಜಗಳದ ಮರುದಿನ 'ನನ್ನ ಮನಸ್ಸು ಮಗು ತರ ಕಣೇ' ಅನ್ನುವವರ ಜೊತೆ ಬದುಕಿದವರಿಗೆ ಈ ಸಾಲಿನ ಬೆಲೆ ಗೊತ್ತು.

ಹಾಗಂತ ಬಯೋ ನೋಡಿ ಯಾರ ಮನಸ್ಸನ್ನೂ ಅಳೆಯಬಾರದು. ಕಷ್ಟ ಬಂದಾಗ ಹಿಂದಿನ ವಯಸ್ಸಿಗೆ ಜಾರುವುದನ್ನು ಮನೋವಿಜ್ಞಾನ ಗುರುತಿಸಿದೆ ನಿಜ. ಆದರೆ ಬಹಳಷ್ಟು ಬಯೋಗಳು ಗೆಳತಿಯದನ್ನು ನೋಡಿ ಸುಮ್ನೆ ಕಾಪಿ ಹೊಡೆದವು. ಗೆಳತಿ ಇನ್ನೊಬ್ಬಳದನ್ನು. ಉದ್ಯೋಗದ ಜಾಲತಾಣ ಲಿಂಕ್ಡ್‌ಇನ್‌ಗೆ ಹೋದರೆ ಅದೇ ಪ್ರಿನ್ಸೆಸ್ 'ಫಲಿತಾಂಶ ಕೇಂದ್ರಿತ ಮುಂದಾಳು' ಆಗಿರುತ್ತಾಳೆ. ಅದೂ ಅಷ್ಟೇ ಉತ್ಪ್ರೇಕ್ಷೆ, ಅದಕ್ಕೆ ಯಾರೂ ನಗುವುದಿಲ್ಲ.

ನಿಜಕ್ಕೂ ಜಾಗ್ರತೆ ಬೇಕಿರುವುದು ಆ ಮೊದಲ ಅಳುವಿನ ಬಗ್ಗೆ. ಡೌನ್‌ಲೋಡ್ ಮಾಡಿದ ಇ-ಆಧಾರ್ ಫೈಲಿನ ಪಾಸ್‌ವರ್ಡ್ ಏನು ಗೊತ್ತಲ್ಲ? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ. ಹುಟ್ಟಿದ ತಾರೀಖು, ಅಮ್ಮನ ಹೆಸರು, ನಾಯಿಯ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಇವೆಲ್ಲ ಪಾಸ್‌ವರ್ಡ್ ಮರೆತಾಗ ಕೇಳುವ ಪ್ರಶ್ನೆಗಳಿಗೆ ಉತ್ತರ. ಬಯೋದಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತೇವೆ. ಒಬ್ಬ ಪುಟ್ಟಸ್ವಾಮಿಯವರು 80 ದಾಟಿದ ಮೇಲೆ ಖಾಸಗಿತನಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ನಾಡಿನಲ್ಲಿ!

ನಮ್ಮ ಟ್ರೆಷರರ್ ಪುಟ್ಟಿಯ ವಿಷಯಕ್ಕೆ ಬರುತ್ತೇನೆ. ಬಾಕಿ ಕಟ್ಟಲು ಹೋದಾಗ (ಹೌದು, ನನ್ನದೂ ಇತ್ತು) ತಡೆಯಲಾರದೆ ಕೇಳಿಯೇಬಿಟ್ಟೆ.

'ಅಯ್ಯೋ, ಅದು ನಾನು ಹಾಕಿದ್ದಲ್ಲ ರೀ. ಅಪ್ಪ ತಿಪಟೂರಲ್ಲಿ ಫೋನ್ ತೆಗೆದುಕೊಟ್ರು. ಅಂಗಡಿ ಹುಡುಗ ವಾಟ್ಸಾಪ್ ಹಾಕುವಾಗ ಹೆಸರೇನು ಅಂದ. ಅಪ್ಪ ಪುಟ್ಟಿ ಅಂದ್ರು.'

'ಚಿಟ್ಟೆ?'

'ಚಿಟ್ಟೆ ಅಂಗಡಿ ಹುಡುಗಂದು.'

ಫೋನು ಮೂರು ಸಲ ಬದಲಾಗಿದೆಯಂತೆ, ಹೆಸರು ಹಾಗೇ ಬಂದಿದೆ. ಗ್ರೂಪಿನಲ್ಲಿ ಜನ ನಗುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಅವತ್ತೇ ಬದಲಾಯಿಸಿದರು. 'ಟ್ರೆಷರರ್, ಬಿ ಬ್ಲಾಕ್'. ಹೃದಯ ಇಲ್ಲ, ಚಿಟ್ಟೆ ಇಲ್ಲ.

ಮುಂದಿನ ತಿಂಗಳು ಅದೇ ಹೆಸರಿನಲ್ಲಿ ಮೇಂಟೆನೆನ್ಸ್ ನೆನಪೋಲೆ ಬಂತು. ಹಣ ಕಳಿಸಬೇಕಾದ ನಂಬರು, ಕೊನೆಯ ದಿನಾಂಕ ಎಲ್ಲ ಇತ್ತು. ಒಬ್ಬರೂ ಕಳಿಸಲಿಲ್ಲ. ಮೂರನೇ ಮಹಡಿಯ ಹಿರಿಯರೊಬ್ಬರು ಬರೆದರು: 'ಈ ಥರ ಫ್ರಾಡ್ ಮೆಸೇಜುಗಳು ಜಾಸ್ತಿಯಾಗಿವೆ, ಯಾರೂ ದುಡ್ಡು ಹಾಕಬೇಡಿ. ಯಾರು ನೀವು?'

ಎರಡು ನಿಮಿಷ ಗ್ರೂಪು ಸುಮ್ಮನಿತ್ತು. ಆಮೇಲೆ ಉತ್ತರ ಬಂತು.

'ಅಂಕಲ್, ನಾನೇ, ಪುಟ್ಟಿ.'